ಗಿಳಿ ಕುಕ್ಕಿದ ಹೆಬ್ಬೆರಳು

ನಮ್ಮಜ್ಜಿಯ ಕತೆಗಳಲ್ಲಿ ನಮ್ಮ ಮನೆಗೆ ಬಾಯಿ ಇತ್ತು. ಬೀದಿಗೆ ಅಗಲವಾಗಿ ತೆರೆದುಕೊಂಡ ಜಗಲಿಯೇ ಆ ಬಾಯಿ. ಅದರ ಆಚೆಈಚೆ ಕೈಯಾಡಿಸಿದರೆ ಜಾರುವಷ್ಟು ನುಣುಪಾದ ಮರದ ಕಂಬಗಳು, ಒಂದೊಂದು ಕಂಬದ ಹೆಗಲ ಮೇಲೂ ಒಂದೊಂದು ಮರದ ಗಿಳಿ. ಬೀದಿಯಲ್ಲಿ ಯಾರು ಹಾದುಹೋದರೂ ಗಿಳಿಗಳು ಅವರ ಗುಟ್ಟು ಹೇಳುತ್ತಿದ್ದವು. ಇವನ ಜೇಬು ತೂತು, ಇವಳು ಈಗಷ್ಟೇ ಅತ್ತು ಮುಖ ತೊಳೆದಿದ್ದಾಳೆ, ಈ ಮುದುಕ ಸುಳ್ಳುಸುಳ್ಳೇ ಕುಂಟುತ್ತಿದ್ದಾನೆ. ಜಗಲಿಯಲ್ಲಿ ಮನೆಯ ಹೆಂಗಸರು ಸಾಲಾಗಿ ಕೂತು ಅದನ್ನು ಕೇಳುತ್ತಿದ್ದರು. ಏನೂ ಮಾಡದೆ, ಕೈ ಮಡಿಲಲ್ಲಿಟ್ಟುಕೊಂಡು, ಸುಮ್ಮನೆ.

ಚಿಕ್ಕವಳಿದ್ದಾಗ ನನಗೆ ಆ ಕತೆಯಲ್ಲಿ ಸೋಜಿಗ ಅನ್ನಿಸುತ್ತಿದ್ದದ್ದು ಮಾತಾಡುವ ಗಿಳಿಗಳು. ದೊಡ್ಡವಳಾದ ಮೇಲೆ, ಸುಮ್ಮನೆ ಕೂತ ಹೆಂಗಸರು.

ಗಿಳಿಗಳು ಇದ್ದದ್ದಕ್ಕೆ ಅಜ್ಜಿಯ ಮೈಮೇಲೆಯೇ ಸಾಕ್ಷಿ ಇತ್ತು. ಅವಳ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕಾಳಿನ ಗಾತ್ರದ ಗಟ್ಟಿ ಗಂಟು. "ಗಿಳಿ ಕುಕ್ಕಿದ್ದು ಕಣೇ ಪುಟ್ಟೀ. ಕಾಳು ಹಾಕೋದು ತಡ ಮಾಡಿದೆ, ಮಹಾರಾಯನಿಗೆ ಕೋಪ ಬಂತು" ಅನ್ನುತ್ತಿದ್ದಳು. ಮರದ ಗಿಳಿಗೆ ಕಾಳು ಯಾಕೆ ಎಂದು ನಾನು ಕೇಳಿದವಳಲ್ಲ. ಆ ಗಂಟನ್ನು ಒತ್ತುತ್ತಾ ಒತ್ತುತ್ತಾ ನಿದ್ದೆ ಹೋಗುತ್ತಿದ್ದೆ.

ಅಜ್ಜಿಯ ಕತೆಗೆ ಇದ್ದ ಕಟ್ಟಳೆ ಒಂದೇ. ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕತೆ ನಿಂತಿತು. ನಾನು ನಿದ್ದೆಗೆ ಜಾರಿದ್ದು ಅವಳಿಗೆ ತಿಳಿಯುತ್ತಿದ್ದದ್ದೂ ಹಾಗೆಯೇ. ಮಾರನೆಯ ದಿನ ಹೂಂ ಎಲ್ಲಿ ತುಂಡಾಗಿತ್ತೋ ಅಲ್ಲಿಂದಲೇ ಎಳೆ ಹಿಡಿಯುತ್ತಿದ್ದಳು. ಅವಳು ಅಮ್ಮನಿಗೆ ಕತೆ ಹೇಳಿದ್ದನ್ನು ಮಾತ್ರ ನಾನು ಕಂಡಿಲ್ಲ. ಅಮ್ಮನ ತುಟಿಗಳ ನಡುವೆ ಯಾವಾಗಲೂ ಗುಂಡುಸೂಜಿಗಳಿರುತ್ತಿದ್ದವು. ಹೂಂ ಅನ್ನಲು ಅಲ್ಲಿ ಜಾಗವಿರಲಿಲ್ಲ.

ನಾನು ಕಂಡ ಮನೆಗೆ ಬಾಯಿಯೇ ಇರಲಿಲ್ಲ. ಜಗಲಿ ಇರಬೇಕಾದಲ್ಲಿ, ಬಣ್ಣ ಮೆತ್ತಿದ ಎರಡು ಕಂಬಗಳ ನಡುವೆ, ಹೊಸಿಲಿನಿಂದ ಮೇಲಿನ ತೊಲೆಯವರೆಗೆ ಒತ್ತೊತ್ತಾಗಿ ನಿಂತ ಹಲಗೆಗಳ ಗೋಡೆ. ಬಣ್ಣದ ಮೇಲೆ ಬಣ್ಣ ಬಳಿದೂ ಬಳಿದೂ ಅದು ಹಳೇ ಹಡಗಿನ ಪಕ್ಕೆಯಂತೆ ಉಬ್ಬಿತ್ತು. ನಡುವೆ ಒಂದು ಗಾಜಿನ ಕಿಟಕಿ; ಅಪ್ಪ ಬದುಕಿದ್ದಾಗ ಹಲಗೆ ಕೊಯ್ದು ತಾನೇ ಕೂರಿಸಿದ್ದು. ಆ ಕಿಟಕಿಯ ಹಿಂದೆ ಅಮ್ಮನ ಹೊಲಿಗೆ ಮಿಷಿನ್ನು. ಇಡೀ ಮನೆಯಲ್ಲಿ ಸೂಜಿಗೆ ದಾರ ಪೋಣಿಸುವಷ್ಟು ಬೆಳಕು ಬೀಳುತ್ತಿದ್ದದ್ದು ಅಲ್ಲೊಂದೇ ಕಡೆ. ಹಿಂದಿನ ಎರಡು ಕೋಣೆಗಳು ಅಕ್ಕಪಕ್ಕದ ಮನೆಗಳ ಗೋಡೆಗಳ ನಡುವೆ ಉಸಿರು ಬಿಗಿಹಿಡಿದು ಕೂತಂಥವು. ಹಾಡುಹಗಲಲ್ಲೂ ದೀಪ ಹಾಕಿಕೊಂಡೇ ಬಟ್ಟಲು ಹುಡುಕಬೇಕು. ಅಪ್ಪ ಹೋದಮೇಲೆ ನಾವು ಮೂವರೂ ಉಂಡುಟ್ಟಿದ್ದು ಆ ಕಿಟಕಿಯ ಬೆಳಕಿನಿಂದಲೇ ಅನ್ನಬೇಕು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದರೂ, ನನ್ನ ಸಂಪಾದನೆ ನನ್ನ ಕನ್ನಡಕಕ್ಕೇ ಸರಿಹೋಗುತ್ತದೆ ಎಂದು ಅಜ್ಜಿ ಹಂಗಿಸುತ್ತಿದ್ದಳು.

ನಮ್ಮ ಬೀದಿ ಹಳೆಯದು ಎಂಬುದು ಪಾರಂಪರಿಕ ಕಟ್ಟಡಗಳ ಸಮಿತಿಗೆ ಒಂದು ದಿನ ಇದ್ದಕ್ಕಿದ್ದಂತೆ ಹೊಳೆಯಿತು. ಬೀದಿಯ ತುದಿಗೆ ದೊಡ್ಡ ಫಲಕ ನಿಂತಿತು. ಎಲ್ಲರೂ ತಂತಮ್ಮ ಮನೆಯ ಮುಂಗೋಡೆಯನ್ನು ಮೂಲ ರೂಪಕ್ಕೆ ತರಬೇಕು. ಆಮೇಲೆ ಸೇರಿಸಿದ್ದನ್ನು ಕೀಳಬೇಕು, ಕಳೆದುಹೋದದ್ದನ್ನು ಮತ್ತೆ ಮಾಡಿಸಬೇಕು. ಮರವೂ ಬಡಗಿಯೂ ಸಮಿತಿಯ ಕಡೆಯಿಂದ. ಬಣ್ಣ ಕೆರೆದು ಕೊಡುವ ಚಾಕರಿ ಮನೆಯವರದು. ಎಲ್ಲ ಮುಗಿದ ಮೇಲೆ ಆ ಮನೆ ಮೊದಲು ಏನಾಗಿತ್ತು ಎಂದು ಬರೆದ ಸಣ್ಣ ಹಿತ್ತಾಳೆ ತಗಡನ್ನು ಬಾಗಿಲ ಪಕ್ಕ ಹೊಡೆಯುತ್ತಾರೆ. ಎದುರುಮನೆಯ ತಗಡಿನ ಮಾಡು ಹೋಯಿತು. ಮೂಲೆಮನೆಯವರು ಆಸೆಪಟ್ಟು ಹಾಕಿಸಿದ್ದ ಹೊಳೆಯುವ ಟೈಲ್ಸು ಹೋಯಿತು. ಒಂದೊಂದು ಟೈಲ್ಸಿಗೂ ಒಂದೊಂದು ಶಾಪ ಹಾಕುತ್ತಾ ಅವರು ಕಿತ್ತರು. ಆಮೇಲೆ ಸಮಿತಿಯ ಮೇಡಂ ನಮ್ಮ ಮನೆಗೆ ಬಂದರು.

ನಾನು ಅಂದುಕೊಂಡಿದ್ದಂಥ ಗತ್ತಿನ ಹೆಂಗಸಲ್ಲ. ಕಿತ್ತುಹೋದ ಚಪ್ಪಲಿಯ ಪಟ್ಟಿಗೆ ಪಿನ್ನು ಚುಚ್ಚಿಕೊಂಡಿದ್ದರು. ಬೀದಿಯುದ್ದಕ್ಕೂ ಬೈಸಿಕೊಂಡು ಬಂದ ಸುಸ್ತು ಮುಖದಲ್ಲಿತ್ತು. ಕೂತವರೇ ನೀರು ಕೇಳಿದರು.

"ಮನೆಯ ಹಳೇ ಫೋಟೋ ಏನಾದ್ರೂ ಇದ್ಯಾ ಅಮ್ಮಾ?"

"ನಮ್ಮ ಮುಖದ್ದೇ ಇಲ್ಲ, ಮನೆಯದೆಲ್ಲಿ ಬಂತು" ಅಂದಳು ಅಮ್ಮ.

"ಹಾಗಾದ್ರೆ ಹಿರಿಯರು ಹೇಳಿದ್ದೇ ಆಧಾರ. ಅಜ್ಜೀ, ನೀವು ಈ ಮನೆಗೆ ಬಂದಾಗ ಮುಂಭಾಗ ಹೇಗಿತ್ತು, ನೆನಪಿದ್ಯಾ?"

ಅಜ್ಜಿ ಮಂಚದ ಮೇಲೆ ಸೆಟೆದು ಕೂತಳು. "ಜಗಲಿ ಇತ್ತು ತಾಯೀ" ಅಂದಳು.

"ಹೂಂ" ಅಂದರು ಮೇಡಂ, ಬರೆದುಕೊಳ್ಳುತ್ತಾ.

ಅಷ್ಟೇ. ಅಜ್ಜಿಯ ಮುಖ, ಬತ್ತಿ ಏರಿಸಿದ ದೀಪದಂತಾಯಿತು. ಕಂಬ ಬಂತು. ಹೂಂ. ಕಂಬದ ನುಣುಪು ಬಂತು. ಹೂಂ. ನಾನು ಬಾಗಿಲಿಗೆ ಒರಗಿ ನಿಂತವಳು ತಡೆಯಲಾರದೆ, "ಗಿಳಿ ಹೇಳಜ್ಜೀ, ಗಿಳಿ" ಅಂದೆ. ಗಿಳಿಗಳೂ ಬಂದವು. ಅವುಗಳ ಕೊಕ್ಕು ಯಾವ ಕಡೆ ತಿರುಗಿತ್ತು, ರೆಕ್ಕೆಗೆ ಯಾವ ಹಸಿರು ಬಳಿದಿತ್ತು, ಎಲ್ಲ. ಗಿಳಿ ಮಾತಾಡುತ್ತಿದ್ದದ್ದನ್ನು ಮಾತ್ರ ಅಜ್ಜಿ ಬಿಟ್ಟಳು; ಸರ್ಕಾರದವರಿಗೆ ಅಷ್ಟೆಲ್ಲ ಯಾಕೆ ಅಂದುಕೊಂಡಳೋ ಏನೋ. ಮೇಡಂ ಎಲ್ಲಕ್ಕೂ ಹೂಂ ಅಂದರು, ಎಲ್ಲವನ್ನೂ ಬರೆದುಕೊಂಡರು. ಎದ್ದು ಹೋಗಿ ಹಲಗೆಗಳನ್ನು ತಟ್ಟಿ ನೋಡಿದರು, ಮೊಳೆಗಳನ್ನು ನೋಡಿದರು.

"ಈ ಹಲಗೆ ಗೋಡೆ ಆಮೇಲಿನ ಸೇರ್ಪಡೆ. ಮೊಳೆ ನೋಡಿದ್ರೇ ಗೊತ್ತಾಗುತ್ತೆ. ಇದನ್ನ ತೆಗೆದು ಜಗಲಿ ಬಿಡಿಸ್ಬೇಕು. ಕಂಬಕ್ಕೆ ಗಿಳಿ ಮಾಡಿಸೋಣ."

ಅಮ್ಮ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು. "ತೆಗೆದ್ರೆ ನನ್ನ ಮಿಷಿನ್ನು ಎಲ್ಲಿಡ್ಲಿ?"

"ಒಳಗೆ ಹಾಕ್ಕೊಳ್ಳಿ."

"ಒಳಗೆ ಬನ್ನಿ, ಒಂದ್ಸಲ ನೋಡಿ."

ಮೇಡಂ ಒಳಗೆ ಹೋದರು. ಪೆಟ್ಟಿಗೆಗೆ ಮೊಣಕಾಲು ಬಡಿದ ಸದ್ದು ಕೇಳಿತು, ಆಮೇಲೆ "ಅಯ್ಯಮ್ಮಾ". ಮೊಣಕಾಲು ಉಜ್ಜಿಕೊಳ್ಳುತ್ತಾ ಹೊರಗೆ ಬಂದರು. "ಕಷ್ಟ ಇದೆ, ಇಲ್ಲ ಅನ್ನಲ್ಲ. ಆದ್ರೆ ನಾನೇನ್ ಮಾಡ್ಲಿ ಹೇಳಿ? ನಿಮ್ಮನೆಗೊಂದು, ಟೈಲ್ಸಿನವರಿಗೊಂದು ಅಂತ ಮಾಡಿದ್ರೆ ಅವರು ನನ್ನ ಸಿಗಿದು ಹಾಕ್ತಾರೆ. ಮೂಲ ಅಂದ್ರೆ ಮೂಲ."

"ಆಯ್ತು ಬಿಡಿ" ಅಂದಳು ಅಮ್ಮ.

ಅಮ್ಮನ ಈ ಮಾತು ನಮ್ಮ ಮನೆಯಲ್ಲಿ ಗೋಡೆ ಗಡಿಯಾರದ ಹಾಗೆ. ಅಪ್ಪನ ಆಸ್ಪತ್ರೆಯವರಿಗೂ ಆಯ್ತು ಬಿಡಿ, ಅಳತೆ ಕೊಟ್ಟು ಬಟ್ಟೆ ಒಯ್ಯದೆ ಹೋದವರಿಗೂ ಆಯ್ತು ಬಿಡಿ. ಅದರಲ್ಲಿ ಕೋಪವಿದ್ದರೆ ಜಗಳವಾಡಬಹುದಿತ್ತು. ಅಳುವಿದ್ದರೆ ತಬ್ಬಿಕೊಳ್ಳಬಹುದಿತ್ತು. ಎರಡೂ ಇರುತ್ತಿರಲಿಲ್ಲ.

ಮಾರನೆಯ ದಿನದಿಂದ ಅಮ್ಮ ದಾರದ ಉಂಡೆಗಳನ್ನು ಬಣ್ಣಬಣ್ಣವಾಗಿ ವಿಂಗಡಿಸಿ ಡಬ್ಬಿಗಳಿಗೆ ತುಂಬತೊಡಗಿದಳು. ನಾನು ಬಣ್ಣ ಕೆರೆಯತೊಡಗಿದೆ. ಅಚ್ಚುಕೂಟಕ್ಕೆ ಹೋಗುವ ಮುನ್ನ ಅಷ್ಟು ಹೊತ್ತು, ಬಂದ ಮೇಲೆ ಕತ್ತಲಾಗುವವರೆಗೆ. ಕೈಯಲ್ಲಿ ಚಪ್ಪಟೆ ತಗಡು, ಮೂಗಿಗೆ ಅಮ್ಮನ ಚೂರುಬಟ್ಟೆ. ಹಸಿರಿನ ಕೆಳಗೆ ಕೆಮ್ಮಣ್ಣಿನ ಬಣ್ಣ, ಅದರ ಕೆಳಗೆ ಬೂದಿ ಬಣ್ಣ, ಅದರ ಕೆಳಗೆ ಇನ್ನೊಂದು ಹಸಿರು. ಮೊದಮೊದಲು ನನಗದು ಮಾಯಾಲೋಕದ ಕೋಟೆಯ ಸುತ್ತುಗಳ ಹಾಗೆ ಕಂಡಿತು. ಕೊನೆಯ ಸುತ್ತು ದಾಟಿದರೆ ಗಿಳಿ ಸಿಗುತ್ತದೆ. ಆದರೆ ದಿನ ಕಳೆದಂತೆ ಭುಜ ಕಳಚಿ ಬೀಳುವಂತಾಯಿತು. ಅಚ್ಚುಕೂಟದಲ್ಲಿ ಕರಡಿನ ಮೇಲೆ ಹಸಿರು ಪುಡಿ ಉದುರಿ, ಇದೇನು ತಲೆಯಲ್ಲಿ ಪಾಚಿ ಕಟ್ಟಿದೆಯಾ ಎಂದು ಮೇಲಿನವರು ಕೇಳಿದರು. ನಾನು ಕೆರೆಯುತ್ತಿದ್ದರೆ ಹಲಗೆಯ ಆಚೆಯಿಂದ ಅಮ್ಮನ ಮಿಷಿನ್ನು ಕೇಳಿಸುತ್ತಿತ್ತು. ಒಂದೇ ಹಲಗೆಯ ಒಂದು ಬದಿ ನಾನು, ಇನ್ನೊಂದು ಬದಿ ಅವಳು. ನಾನು ಅವಳ ಬೆನ್ನನ್ನೇ ಕೆರೆಯುತ್ತಿದ್ದೇನೆ ಅನ್ನಿಸಿ ಕೈ ನಿಲ್ಲುತ್ತಿತ್ತು.

"ಅಮ್ಮಾ, ಒಂದಿಷ್ಟು ಜಗಳಾನಾದ್ರೂ ಮಾಡಬಾರ್ದಾ ಅವರ ಹತ್ರ?" ಎಂದು ಕಿಟಕಿಯಲ್ಲಿ ತಲೆ ತೂರಿಸಿ ಕೇಳಿದೆ.

"ಜಗಳ ಮಾಡೋಕೆ ನಿಂತ್ರೆ ಈ ಕಾಲರ್ ಯಾರು ಹಚ್ತಾರೆ?"

"ಒಳಗೆ ಕಣ್ಣು ಕಾಣಲ್ಲ ನಿನಗೆ. ಈಗ್ಲೇ ಕಾಣಲ್ಲ."

"ಕಂಡಷ್ಟು ಹೊಲೀತೀನಿ." ಅಮ್ಮ ದಾರ ಕಚ್ಚಿ ತುಂಡರಿಸಿದಳು. "ನಿನಗೆ ಗಿಳಿ ಬರುತ್ತಲ್ಲ, ಖುಷಿಪಡು."

ಅದು ಕೊಂಕಲ್ಲ. ನಿಜವಾಗಿಯೂ ಖುಷಿಪಡು ಎಂದೇ ಹೇಳಿದ್ದು. ಹಾಗಾಗಿ ಇನ್ನೂ ಹೆಚ್ಚು ಚುಚ್ಚಿತು.

ಗಿಳಿ ಬಂತು ಕೂಡ. ಸಮಿತಿಯ ಬಡಗಿ ಮಾಮ ಮಾದರಿಗೆಂದು ಒಂದನ್ನು ಕೆತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ತಂದ. ಬಾಗಿಲು ಚೌಕಟ್ಟು ಮಾಡಿ ಮಾಡಿ ಬೇಸತ್ತಿದ್ದನಂತೆ. ನಮ್ಮ ಗಿಳಿಯಿಂದ ಅವನ ಉಳಿಗೆ ಜೀವ ಬಂದಿತ್ತು.

ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಕೋಳಿ ಚೆನ್ನಾಗಿದೆಯಪ್ಪ."

"ಗಿಳಿ ಅಜ್ಜಮ್ಮಾ ಅದು! ಕೊಕ್ಕು ನೋಡಿ, ಕೊಕ್ಕು!"

"ಕೊಕ್ಕೇನೋ ಗಿಳಿದೇ. ಹಿಂದೆಲ್ಲಾ ಕೋಳಿ."

"ಮೇಲೆ ಹತ್ತಿಸಿದ್ರೆ ಕೆಳಗಿಂದ ಗಿಳಿ ಥರ ಕಾಣುತ್ತೆ" ಎಂದು ಅವನು ಮುಖ ಊದಿಸಿಕೊಂಡ. ಅಮ್ಮ ನಕ್ಕದ್ದು ಆ ತಿಂಗಳಲ್ಲಿ ಅದೊಂದೇ ಸಲ.

ಗಿಳಿ ಎಲ್ಲಿ ಕೂರಬೇಕೆಂದು ಗುರುತು ಹಾಕಲು ಕಂಬದ ತಲೆಯ ಬಣ್ಣವನ್ನು ನಾನೇ ಕೆರೆದೆ. ಏಣಿಯ ಮೇಲೆ ನಿಂತು ಮರ ಕಾಣುವವರೆಗೂ ಕೆರೆದೆ. ಅಲ್ಲಿ ಏನೂ ಇರಲಿಲ್ಲ. ಗೂಟ ಹೊಡೆದ ತೂತಿಲ್ಲ, ಮುರಿದ ಗುರುತಿಲ್ಲ. ಹಕ್ಕಿಯೊಂದು ತಲೆತಲಾಂತರ ಕೂತಿದ್ದರೆ ಅದರ ಕಾಲಡಿಯ ಮರವಾದರೂ ಬೇರೆ ಬಣ್ಣವಿರಬೇಕಲ್ಲ. ಎರಡನೆಯ ಕಂಬವೂ ಅಷ್ಟೇ. ಚೌಕನೆಯ, ಒರಟು, ಬೋಳು ಮರ. ಅಜ್ಜಿಯ ಕತೆಯ ನುಣುಪೂ ಇಲ್ಲ.

ನಾನು ಏಣಿ ಇಳಿದು ಹೊಸಿಲಿಗೆ ಕೂತೆ. ಏನಾದರೂ ಮಾಡಬೇಕಲ್ಲ ಎಂದು ಹೊಸಿಲನ್ನೇ ಕೆರೆಯತೊಡಗಿದೆ. ಹಲಗೆಗಳ ಬುಡಕ್ಕೆ ಮೆತ್ತಿದ್ದ ಸುಣ್ಣದ ಗಾರೆ ಚಕ್ಕೆಚಕ್ಕೆಯಾಗಿ ಎದ್ದು ಬಂತು. ಕೆಳಗೆ, ಹೊಸಿಲಿನ ಈ ತುದಿಯಿಂದ ಆ ತುದಿಗೆ, ಒಂದು ನೇರ ಕೊರಕಲು. ಹಲಗೆಗಳು ಹೊಸಿಲಿನ ಮೇಲೆ ನಿಂತಿರಲಿಲ್ಲ. ಆ ಕೊರಕಲಿನೊಳಗೆ ಇಳಿದಿದ್ದವು.

"ಗೆದ್ದಲು" ಅಂದ ಬಡಗಿ ಮಾಮ, ಬಗ್ಗಿಯೂ ನೋಡದೆ.

"ಗೆದ್ದಲು ಹೀಗೆ ಗೆರೆ ಎಳೆದ ಹಾಗೆ ನೇರಕ್ಕೆ ತಿನ್ನುತ್ತಾ ಮಾಮ?"

"ಕೆಲವು ಗೆದ್ದಲು ಶಿಸ್ತಿನವು ಮಗಳೇ." ಅವನಿಗೆ ಗಿಳಿ ಕೆತ್ತುವ ಕೆಲಸ ಕೈತಪ್ಪುವುದು ಬೇಕಿರಲಿಲ್ಲ.

ತೊಲೆಯಲ್ಲೂ ಅಂಥದೇ ಕೊರಕಲು. ಹಲಗೆಗಳ ಅಂಚಿನಲ್ಲಿ ಕಚ್ಚುಗಳು: ಮೊದಲನೆಯದಕ್ಕೆ ಒಂದು, ಅದರ ಪಕ್ಕದ್ದಕ್ಕೆ ಎರಡು, ಹೀಗೇ. ದಿನಾ ತೆಗೆದು ದಿನಾ ಹಾಕುವವರು ಸಾಲು ತಪ್ಪಬಾರದೆಂದು ಮಾಡಿಕೊಂಡದ್ದು. ಹೊಸಿಲ ಕೆಳಗೆ ಪಾಯದ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದ ಒಂದು ಅಗಲ ಹಲಗೆಯ ಬಣ್ಣ ಕೆರೆದಾಗ ತುಕ್ಕು ಹಿಡಿದ ಕಬ್ಬಿಣದ ಕೀಲುಗಳು ಕಂಡವು. ನಮ್ಮ ಮನೆಗೆ ಜಗಲಿ ಇರಲೇ ಇಲ್ಲ. ಇದ್ದದ್ದು ಅಂಗಡಿಯಂಥ ಹಲಗೆ ಬಾಗಿಲು. ಅಮ್ಮ ಕೂತಿದ್ದ ಕೋಣೆ ಮೊದಲಿನಿಂದಲೂ ಕೋಣೆಯೇ.

ಒಳಗೆ ಹೋದೆ. ಅಜ್ಜಿ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಏನೋ ಹೊಳೆದಿರಬೇಕು. ಕಾಲು ಸರಿಸಿ ಜಾಗ ಕೊಟ್ಟಳು.

"ಅಜ್ಜೀ, ಈ ಮನೆ ಮುಂದೆ ಏನಿತ್ತು?"

"ಹೇಳಿಲ್ವೇನೇ ಸಾವಿರ ಸಲ? ಒಂದೂರಲ್ಲಿ ಒಂದು ಮನೆ ಇತ್ತು. ಆ ಮನೆಗೊಂದು ಜಗಲಿ ಇತ್ತು..."

ಅವಳು ಕಾದಳು. ನಾನು ಹೂಂ ಅನ್ನಲಿಲ್ಲ.

"ಜಗಲಿಗೆ ಎರಡು ಕಂಬ ಇತ್ತು..."

ಮುಂದಿನ ಕೋಣೆಯಲ್ಲಿ ಮಿಷಿನ್ನು ಓಡುತ್ತಿತ್ತು. ನಾನು ಅವಳ ಬಲಗೈ ತೆಗೆದುಕೊಂಡು ಹೆಬ್ಬೆರಳಿನ ಗಂಟಿನ ಮೇಲೆ ಬೆರಳಿಟ್ಟೆ.

"ಹೂಂ ಅನ್ನೇ" ಅಂದಳು ಅಜ್ಜಿ. ಗದರಿದ ಹಾಗೆ ಶುರುವಾದ ದನಿ ಕೊನೆಗೆ ಬೇಡಿಕೊಂಡ ಹಾಗಾಯಿತು.

ಆಮೇಲೆ ಅವಳು ಕೈ ಎಳೆದುಕೊಂಡು ಆ ಗಂಟನ್ನು ತಾನೇ ನೋಡಿದಳು, ಯಾರದೋ ಕೈ ಎಂಬಂತೆ.

"ದಬ್ಬಣ" ಅಂದಳು. "ಗಿಳಿ ಅಲ್ಲ. ದಬ್ಬಣ ಚುಚ್ಚಿದ್ದು. ಒಂದೇ ಜಾಗಕ್ಕೆ ಚುಚ್ಚೀ ಚುಚ್ಚೀ ಗಂಟಾಯ್ತು."

ಮಿಷಿನ್ನು ನಿಂತಿತು.

"ಗೋಣಿಚೀಲ ಹೊಲಿಯೋ ಮನೆ ಇದು. ಮಂಡಿಯಿಂದ ಹರಿದ ಚೀಲ ಬರೋವು, ಗುಡ್ಡೆಗುಡ್ಡೆ. ನಮ್ಮತ್ತೆ, ನಾನು, ಇಬ್ರೂ ಕೂತು ಹೊಲೀಬೇಕು. ಬೆಳಕು ಬೇಕಲ್ಲ, ಬೆಳಿಗ್ಗೆ ಹಲಗೆ ಎಲ್ಲಾ ತೆಗೆದುಬಿಡೋದು. ಹಲಗೆ ತೆಗೆದ್ರೆ ಬೀದಿಗೆ ಬೀದಿಯೇ ನನ್ನ ಮುಖದ ಮೇಲೆ. ಹೊಸ ಸೊಸೆ ನಾನು. ರೆಪ್ಪೆ ಮೇಲೆಲ್ಲ ಧೂಳು, ತಲೆ ತುಂಬ ನಾರು. ಹೋಗೋರು ಬರೋರು ಗೋಣಮ್ಮ ಅನ್ನೋರು. ನನ್ನ ಹೆಸರು ಏನೂಂತ ಈ ಬೀದೀಲಿ ಯಾರೂ ಕೇಳ್ಲಿಲ್ಲ. ನಿಮ್ಮ ತಾತನಿಗೆ ಬೇರೆ ಕೆಲಸ ಸಿಕ್ಕಿತಲ್ಲ, ಅವತ್ತು ಹಲಗೆ ಹಾಕಿದೋಳು ಮತ್ತೆ ತೆಗೀಲಿಲ್ಲ. ನಾನೇ ಮೊಳೆ ಹೊಡೆದೆ. ನಾನೇ ಗಾರೆ ಮೆತ್ತಿದೆ."

"ಮೇಡಂಗೆ ಯಾಕಜ್ಜಿ ಜಗಲಿ ಅಂದೆ? ಅವರು ಬರ್ಕೊಳ್ತಾ ಇದ್ರು."

"ಅವಳು ಹೂಂ ಅಂದ್ಲು ಕಣೇ! ಹೂಂ ಅಂದೋರಿಗೆ ಇನ್ನೇನು ಹೇಳೋದು ನಾನು? ಎಷ್ಟು ವರ್ಷ ಆಯ್ತು ಒಬ್ರು ಅಷ್ಟು ಚೆನ್ನಾಗಿ ಹೂಂ ಅಂದು. ನೀನೂ ಈಗ ಅಚ್ಚುಕೂಟದಿಂದ ಬಂದು ಬಿದ್ಕೋತೀಯ." ಮುಂದಿನ ಕೋಣೆಯ ಕಡೆ ಗದ್ದ ತೋರಿಸಿ ದನಿ ತಗ್ಗಿಸಿದಳು. "ಇವಳೂ ಬಂದಾಗಿಂದ ಅದೇ ಜಾಗದಲ್ಲೇ ಬಗ್ಗಿ ಕೂತಿದಾಳೆ. ನಾನು ಬಾಗಿಲು ಮುಚ್ಚಿದೆ, ಇವಳು ಒಳಗೇ ಕೂತ್ಳು. ಜಗಲಿ ಅಂತ ಒಂದಾದ್ರೆ ಒಂದು ದಿನವಾದ್ರೂ ಸುಮ್ನೆ ಕೂರ್ತಾಳೇನೋ ಅಂದ್ಕೊಂಡೆ."

"ಸುಮ್ನೆ ಕೂತ್ರೆ ಹೊಟ್ಟೆಗೇನು ಅತ್ತೇ? ಗಿಳಿ ತಂದ್ಕೊಡುತ್ತಾ?"

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು ಜೋತಾಡುತ್ತಿತ್ತು. ಅಮ್ಮ ಒಳಗೆ ಬಂದು, ಅಜ್ಜಿಯ ಕೈ ಎತ್ತಿ, ಬೆಳಕಿಲ್ಲದ ಆ ಕೋಣೆಯಲ್ಲಿ ಕಣ್ಣಿಗೆ ಹತ್ತಿರ ಹಿಡಿದು ಹೆಬ್ಬೆರಳು ನೋಡಿದಳು. ಬಟ್ಟೆಯ ಹೊಲಿಗೆ ನೋಡುವ ಹಾಗೆಯೇ.

"ಹೇಳಬಾರ್ದಾಗಿತ್ತಾ" ಅಂದಳು. "ಇಷ್ಟು ವರ್ಷ ನಾನೊಬ್ಳೇ ಅಂದ್ಕೊಂಡಿದ್ದೆ."

"ಏನಂತ ಹೇಳೋದು? ಬಂದ ಸೊಸೆಗೆ, ಇದು ಗೋಣಮ್ಮನ ಮನೆ, ಬಾ ಒಳಗೆ, ಅನ್ಲಾ?"

ಅಮ್ಮ ಕೈ ಬಿಟ್ಟು ಮಿಷಿನ್ನಿಗೆ ಹೋದಳು. ಕಾಲರ್ ಇನ್ನೂ ಉಳಿದಿತ್ತು.

ಮೇಡಂ ಮತ್ತೆ ಬಂದಾಗ ನಾನು ಕೊರಕಲು ತೋರಿಸಿದೆ, ಕಚ್ಚು ತೋರಿಸಿದೆ, ಬೋಳು ಕಂಬ ತೋರಿಸಿದೆ. ಅವರು ಮಂಡಿಯೂರಿ ಕೂತು ಬೆರಳಾಡಿಸಿದರು. ಬಡಗಿ ಮಾಮ ಇನ್ನೊಮ್ಮೆ ಗೆದ್ದಲಿನ ಮಾತೆತ್ತಿದ. ಯಾರೂ ಅವನ ಕಡೆ ನೋಡಲಿಲ್ಲ.

"ಇದು ಹಲಗೆ ಬಾಗಿಲೇ, ಅನುಮಾನ ಇಲ್ಲ" ಅಂದರು ಮೇಡಂ. "ಆದ್ರೆ ಇಲ್ಲಿ ಜಗಲಿ ಇತ್ತು ಅಂತ ಅಜ್ಜಿಯ ಹೇಳಿಕೆ ಸಮಿತಿ ಮುಂದೆ ಹೋಗಿದೆ. ಕಂಬಕ್ಕೆ ಆಮೇಲೆ ಯಾರೋ ಹಲಗೆ ಕೂರಿಸಿದ್ರು ಅಂತಾರೆ ಅವರು. ಇಲ್ಲಿ ಮೊದ್ಲು ಏನು ನಡೀತಿತ್ತು ಅಂತ ಅಜ್ಜಿಯೇ ಹೇಳ್ಬೇಕು. ಇಲ್ದಿದ್ರೆ ಹಲಗೆ ತೆಗೆಸೋದೇ."

ಎಲ್ಲರೂ ಅಜ್ಜಿಯ ಕಡೆ ನೋಡಿದೆವು. ಅಮ್ಮ ಮಾತ್ರ ನೋಡಲಿಲ್ಲ. ತುಂಬಿಟ್ಟ ದಾರದ ಡಬ್ಬಿಗಳು ಅವಳ ಕಾಲ ಬಳಿ ಸಾಲಾಗಿದ್ದವು.

"ಹೇಳಿದ್ರೆ ಆ ತಗಡಿನ ಮೇಲೆ ಬರೀತೀರಾ?" ಎಂದು ಕೇಳಿದಳು ಅಜ್ಜಿ. "ಬೀದಿಯೋರೆಲ್ಲ ಓದೋ ಹಾಗೆ?"

"ಬರೀಲೇಬೇಕು ಅಜ್ಜೀ. ಅದೇ ನಿಯಮ."

ಅಜ್ಜಿ ಬಹಳ ಹೊತ್ತು ಡಬ್ಬಿಗಳನ್ನು ನೋಡಿದಳು. ಆಮೇಲೆ ಮೇಡಂಗೆ ಹೇಳಿದಳು: "ಬರ್ಕೋ ತಾಯೀ. ಆದ್ರೆ ಒಂದು ಮಾತು. ಹೂಂ ಅನ್ಬೇಡ."

ಮೇಡಂಗೆ ಅರ್ಥವಾಗಲಿಲ್ಲ. ಆದರೂ ಬಾಯಿ ಮುಚ್ಚಿಕೊಂಡು ಬರೆದರು. ಅಜ್ಜಿ ಹೇಳಿದ್ದು ನಾಲ್ಕೇ ಮಾತು. ಗೋಣಿ, ದಬ್ಬಣ, ಹಲಗೆ, ಮೊಳೆ. ಅವಳು ಇಷ್ಟು ಚಿಕ್ಕದಾಗಿ ಏನನ್ನಾದರೂ ಹೇಳಿ ಮುಗಿಸಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಕೋಣೆ ಉಳಿಯಿತು. ಆದರೆ ಮೂಲ ಅಂದರೆ ಮೂಲ. ಅಪ್ಪನ ಕಿಟಕಿ ಹೋಯಿತು. ಕೊಯ್ದ ಹಲಗೆಗಳಿಗೆ ಹೊಸ ಮರ ಸೇರಿಸಿ ಬಡಗಿ ಮಾಮ ಸರಿಮಾಡಿದ. ಗಿಳಿ ಕೈತಪ್ಪಿದ ಮುನಿಸಿನಲ್ಲೂ, ಕಿತ್ತ ಕಿಟಕಿಯನ್ನು ಎಸೆಯದೆ, ಮುಂಗೋಣೆಗೂ ಕತ್ತಲೆ ಕೋಣೆಗೂ ನಡುವಿನ ಗೋಡೆಗೆ ಕೂರಿಸಿಕೊಟ್ಟ. ಒಳಗೋಡೆಯ ಮೇಲೆ ಸಮಿತಿಯ ಮಾತು ನಡೆಯುವುದಿಲ್ಲವಲ್ಲ. ಈಗ ಬಟ್ಟಲು ಹುಡುಕಲು ದೀಪ ಬೇಡ. ಕೋಳಿಯಂಥ ಗಿಳಿಯನ್ನು ಅಮ್ಮ ಮಿಷಿನ್ನಿನ ಪಕ್ಕ ಮೊಳೆಗೆ ಹಾಕಿದ್ದಾಳೆ. ಅದರ ಕೊಕ್ಕಿಗೆ ಅಳತೆ ಟೇಪು.

ಬೆಳಿಗ್ಗೆ ನಾನೂ ಅಮ್ಮನೂ ಹಲಗೆ ಎತ್ತಿ ಕಳಚುತ್ತೇವೆ, ಕತ್ತಲಾಗುವಾಗ ಕಚ್ಚು ನೋಡಿಕೊಂಡು ಮತ್ತೆ ಹಾಕುತ್ತೇವೆ. ಹಲಗೆಗಳು ಹೆಣಭಾರ. ಅಮ್ಮನ ಭುಜ ಮೊದಲೇ ಹಿಡಿದಿತ್ತು, ಈಗ ನನ್ನದೂ. "ಇದಕ್ಕಿಂತ ಜಗಲಿಯೇ ವಾಸಿಯಿತ್ತು" ಎಂದು ಅವಳು ಹಲಗೆ ಎತ್ತುವಾಗ ಒಮ್ಮೊಮ್ಮೆ ಅನ್ನುತ್ತಾಳೆ. ನಗುತ್ತಾಳೋ ಏದುಸಿರೋ ತಿಳಿಯುವುದಿಲ್ಲ. ಹಿತ್ತಾಳೆ ತಗಡಿನಲ್ಲಿ "ಗೋಣಿಚೀಲ ಹೊಲಿಯುವವರ ಮನೆ" ಎಂದಿದೆ. ಮೊದಲ ದಿನ ಅಜ್ಜಿ ಹೊರಗೇ ಬರಲಿಲ್ಲ. ಎರಡನೆಯ ದಿನ ಬಂದು, ತಗಡನ್ನು ಸೆರಗಿನಿಂದ ಒರೆಸಿ, "ಸ್ವಲ್ಪ ಸೊಟ್ಟ ಹೊಡೆದಿದಾರೆ" ಎಂದು ಒಳಗೆ ಹೋದಳು.

ಹೊಸಿಲ ಕೆಳಗಿನ ಅಗಲ ಹಲಗೆಗೆ ಹೊಸ ಕೀಲು ಬಂದಿದೆ. ಎತ್ತಿ ಕೆಳಗೆ ಊರುಗೋಲು ಕೊಟ್ಟರೆ ಬೀದಿಗೆ ಚಾಚಿದ ಮಣೆಯಾಗುತ್ತದೆ. ಹಿಂದೆ ಹಮಾಲರು ಚೀಲದ ಹೊರೆ ಇಳಿಸುತ್ತಿದ್ದದ್ದು ಅದರ ಮೇಲಂತೆ. ಮೊನ್ನೆ ಬೆಳಿಗ್ಗೆ ಹಲಗೆಗಳನ್ನೆಲ್ಲ ಕಳಚಿ ಮುಗಿಸಿದ ಅಮ್ಮ, ಒಂದು ಗಳಿಗೆ ಸುಧಾರಿಸಿಕೊಳ್ಳುತ್ತೇನೆ ಎಂದು ಅದರ ಮೇಲೆ ಕೂತಳು. ಕೈಯಲ್ಲಿ ಅಂಚು ಮಡಿಸಬೇಕಿದ್ದ ಯಾವುದೋ ಲಂಗ. ಅಜ್ಜಿ ಒಂದು ಯುಗದಷ್ಟು ಹೊತ್ತು ತೆಗೆದುಕೊಂಡು ಹೊಸಿಲು ದಾಟಿ ಬಂದು ಪಕ್ಕ ಕೂತಳು. ಬಿಸಿಲು ಇನ್ನೂ ಎಳೆಯದಾಗಿತ್ತು. ನಾನು ಒಳಗೆ ತಲೆ ಬಾಚಿಕೊಳ್ಳುತ್ತಿದ್ದೆ.

"ಒಂದೂರಲ್ಲಿ ಒಬ್ಳು ಗೋಣಮ್ಮ ಇದ್ಲು" ಎಂದು ಶುರುಮಾಡಿದಳು ಅಜ್ಜಿ.

"ಹೂಂ" ಅಂದಳು ಅಮ್ಮ. ಬಾಯಲ್ಲಿ ಗುಂಡುಸೂಜಿ ಇರಲಿಲ್ಲ.

"ಅವಳ ಹತ್ರ ಒಂದು ದಬ್ಬಣ ಇತ್ತು. ಅದಕ್ಕೆ ಗಿಳಿ ಕೊಕ್ಕಿತ್ತು."

"ಹೂಂ."

"ಒಂದಿನ ಆ ದಬ್ಬಣ ಏನಂತು ಗೊತ್ತಾ?"

ಹೂಂ ಬರಲಿಲ್ಲ. ನಾನು ಬಾಚಣಿಗೆ ಹಿಡಿದೇ ಇಣುಕಿದೆ. ಅಮ್ಮ ಕಂಬಕ್ಕೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಲಂಗ ಮಡಿಲಿನಿಂದ ಜಾರಿತ್ತು. ಕಟ್ಟಳೆಯ ಪ್ರಕಾರ ಅಜ್ಜಿ ಕತೆ ನಿಲ್ಲಿಸಿ, ಲಂಗ ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡು, ಬೀದಿ ನೋಡುತ್ತಾ ಕೂತಳು.

ಮೂಲೆಮನೆಯವಳು ಒಂದು ಪ್ಯಾಂಟು ಬೀಸಿಕೊಂಡು ಬಂದಳು. "ಅಜ್ಜೀ, ಇದರ ಸೊಂಟ ಸ್ವಲ್ಪ..."

ಅಜ್ಜಿ ತುಟಿಯ ಮೇಲೆ ಬೆರಳಿಟ್ಟಳು. "ಅಂಗಡಿ ತೆಗೆದಿಲ್ಲ. ಆಮೇಲೆ ಬಾ."

"ತೆಗೆದಿಲ್ವಾ?" ಅವಳು ಹಲಗೆ ಕಳಚಿದ ಕೋಣೆಯನ್ನು, ಗೋಡೆಗೆ ಜೋಡಿಸಿಟ್ಟ ಹಲಗೆಗಳನ್ನು, ಮಿಷಿನ್ನನ್ನು ನೋಡಿದಳು. "ಇಷ್ಟಗಲ ತೆರೆದಿದೆಯಲ್ಲ!"

"ತೆರೆದಿರ್ಲಿ" ಅಂದಳು ಅಜ್ಜಿ. "ಹೆಂಗಸರು ಸುಮ್ನೆ ಕೂತಿದೀವಿ, ಕಾಣಲ್ವಾ?"